ಕಡತ ಸಂಖ್ಯೆ ಹದಿನೇಳು

ಮಂಗಳವಾರ ಸಂಜೆ ಏಳು. ಎಲ್ಡನ್ ಗ್ರೋವ್, ಒಹಾಯೋ.
ತೋಪು ಈಗ ಊರ ಹೆಸರಿನಲ್ಲಿ ಮಾತ್ರ ಉಳಿದಿದೆ.
ಯೋಜನಾ ಮಂಡಳಿಗೆ ಏಳು ಕುರ್ಚಿ, ಏಳು ಲೋಟ ನೀರು,
ಮೂಲೆಯ ಮೇಜಿಗೆ ನಾನು, ನಡಾವಳಿ ಬರೆಯುವವಳು.
ಹತ್ತೊಂಬತ್ತು ವರ್ಷದಿಂದ
ಆಡಿದ್ದನ್ನು ಬಿಟ್ಟು ಆದದ್ದನ್ನು ಬರೆಯುತ್ತಿದ್ದೇನೆ.

ಕಡತ ಹದಿನೇಳು: ಹಳೆಯ ಸೋಯಾ ಹೊಲ, ಹನ್ನೊಂದು ಎಕರೆ.
ಒಂದು ಪೆಟ್ರೋಲ್ ಬಂಕು, ಕಾರು ತೊಳೆಯುವ ಸುರಂಗ,
ಕಾರಿಳಿಯದೆ ಕಾಫಿ ಕೊಳ್ಳುವ ಕಿಟಕಿ,
ಇನ್ನೂ ಹೆಸರಿಡದ ಆರು ಅಂಗಡಿ.
ಕಾರು ನಿಲ್ಲಲು ಇನ್ನೂರ ಹನ್ನೆರಡು ಜಾಗ;
ಮನುಷ್ಯರು ನಿಲ್ಲಲು ಎಷ್ಟೆಂದು
ನಮೂನೆಯಲ್ಲಿ ಕಾಲಂ ಇಲ್ಲ.

ವಕೀಲ ಪ್ರೂಯಿಟ್ ಸ್ಟ್ಯಾಂಡಿನ ಮೇಲೆ ಚಿತ್ರ ನಿಲ್ಲಿಸಿದ.
ಬಣ್ಣ ಹಚ್ಚಿದ ಸಂಜೆ. ನೆಡುವ ಮೊದಲೇ ಬೆಳೆದ ಮೇಪಲ್ ಮರಗಳು.
ಅಲ್ಲಿ ಅವಳು. ಮತ್ತೆ.
ಕೆಂಪು ಚೀಲ, ಬೂದು ಕೋಟು, ಎಡಗಾಲು ಮುಂದೆ.
ಮಿಲ್ ರಸ್ತೆಯ ಮಳಿಗೆಗಳ ಚಿತ್ರದಲ್ಲೂ ಇದ್ದಳು
(ಅಲ್ಲೀಗ ಹ್ಯಾಲೋವೀನ್ ವೇಷ ಮಾರುತ್ತಾರೆ, ವರ್ಷಕ್ಕೆ ಆರು ವಾರ),
ದಂತವೈದ್ಯರ ಕಟ್ಟಡದ ಮುಂದೆಯೂ ಇದ್ದಳು.
ನನಗೆ ಕನ್ನಡಕ ಬಂತು, ಮಂಡಿ ಹೋಯಿತು;
ಅವಳಿಗೆ ಒಂದು ಕೂದಲೂ ನರೆಯಲಿಲ್ಲ.
ಮರಗಳ ನೆರಳು ಬಲಕ್ಕೆ ಬಿದ್ದಿದೆ, ಅವಳದು ಎಡಕ್ಕೆ.
ಕತ್ತರಿಸಿ ತರುವಾಗ
ಬೇರೆ ಯಾವುದೋ ಊರಿನ ಸೂರ್ಯನೂ ಅಂಟಿಕೊಂಡು ಬಂದಿದ್ದಾನೆ.

ಸಿಬ್ಬಂದಿ ವರದಿ: ‘ಒಟ್ಟಾರೆ ಹೊಂದಿಕೊಳ್ಳುತ್ತದೆ,
ಆದಾಗ್ಯೂ ಕೆಲವು ಅಂಶಗಳು ಗಮನಾರ್ಹ.’
ನನ್ನ ಭಾಷೆಯಲ್ಲಿ ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಅಂತಾರೆ.
ಇಲ್ಲಿ ಹೇಳಿದರೆ, ಗೋಡೆಯ ಎತ್ತರ ಎಷ್ಟು ಅಂದಾರು.

ಅದೇ ಪ್ರಶ್ನೆ ಮುಂದಿನ ನಲವತ್ತು ನಿಮಿಷ ತಿಂದಿತು.
ಬೇಲಿಯಾಚೆಯ ಆರ್ವಿಲ್ ಸ್ಟೆಂಗರ್, ಬೇಕರಿಯವ,
ಎಂಟಕ್ಕೆ ಮಲಗಿ ಮೂರಕ್ಕೆ ಏಳುವವ:
‘ಕಾಫಿ ಕಿಟಕಿಗೆ ತಿರುಗುವ ಪ್ರತಿಯೊಂದು ಕಾರೂ
ನನ್ನ ದಿಂಬಿನ ಮೇಲೆ ದೀಪ ಚೆಲ್ಲುತ್ತೆ.’
ಆರಡಿ ಗೋಡೆ, ಎಂದ ವಕೀಲ. ಎಂಟು, ಎಂದ ಆರ್ವಿಲ್.
ಏಳು, ಎಂದಳು ಅಧ್ಯಕ್ಷೆ ಡೆಲ್ಫಿನ್,
ಸಂತೆಯ ಚೌಕಾಸಿ ಮುಗಿಸುವವಳ ಹಾಗೆ.
ಸರಿ, ಬರೆದುಕೊಂಡೆ.
ಕೂತ ಮೇಲೆ ಆರ್ವಿಲ್ ಪಕ್ಕದವನಿಗೆ ಮೆಲ್ಲಗೆ ಹೇಳಿದ:
ನನ್ನ ಮಲಗುವ ಕೋಣೆ ಮಹಡಿ ಮೇಲಿದೆ.

ಕೊನೆಗೆ ವಿಲ್ಮೆಟಾ ಗ್ರೈಮ್ಸ್.
ವೃದ್ಧಾಶ್ರಮದ ಅಡುಗೆಮನೆಯ ಏಪ್ರನ್ನು ಇನ್ನೂ ಕೋಟಿನೊಳಗೆ.
ಮೂರು ನಿಮಿಷದ ಹಸಿರು ದೀಪ; ಅವಳದು ಒಂದೇ ವಾಕ್ಯ:
‘ನಾನು ನಡೆದು ಬರುವವಳು, ಎಲ್ಲಿಂದ ಒಳಗೆ ಬರಲಿ?’
ವಕೀಲ ಹಾಳೆ ತಿರುವಿದ. ಸಂಚಾರ ತಜ್ಞ ಎದ್ದ:
‘ಗಂಟೆಗೆ ನೂರ ಅರವತ್ತನಾಲ್ಕು ವಾಹನ. ಪಾದಚಾರಿಗಳು ಸೊನ್ನೆ.
ನಾವು ಎಣಿಸಿದ್ದೇವೆ.’
‘ಯಾವ ದಿನ?’
‘ಬುಧವಾರ.’
‘ಬುಧವಾರ ನನಗೆ ರಜಾ.’

ನಗು ಒಂದು ಸುತ್ತು ಬಂದು ತಾನಾಗಿ ಸತ್ತಿತು.
ಅವಳು ಸ್ಟ್ಯಾಂಡಿನ ಬಳಿ ಹೋಗಿ, ಮುಟ್ಟದೆ, ಬೆರಳು ತೋರಿದಳು:
‘ಹಾಗಾದರೆ ಈ ಕೆಂಪು ಚೀಲದವಳು ಎಲ್ಲಿಂದ ಬಂದಳು?’
ನೋಡಿದೆವು. ಅವಳ ಹಿಂದೆ ಹೆದ್ದಾರಿ, ಪಕ್ಕದಲ್ಲಿ ಚರಂಡಿ.
ಕಾಲುದಾರಿ ಎಂಬುದು ಚಿತ್ರಗಾರನ ಕನಸಿಗೂ ಬಂದಿರಲಿಲ್ಲ.

ನಾಲ್ಕಕ್ಕೆ ಮೂರು ಮತ. ಅನುಮೋದನೆ, ಹದಿನಾಲ್ಕು ಷರತ್ತು.
ಒಂಬತ್ತನೆಯದು: ಕಾಲುದಾರಿ, ಸಾಧ್ಯವಾದಲ್ಲಿ.
‘ಚರ್ಚೆ ನಡೆಯಿತು’ ಎಂದು ಬರೆದು, ಹೊಡೆದು,
ಅದರ ಮೇಲೆ ಬರೆದೆ: ಬುಧವಾರ ರಜಾ.
ನಾಳೆ ಯಾರಾದರೂ ತಿದ್ದುತ್ತಾರೆ, ಗೊತ್ತು.

ದೀಪ ಆರಿಸಿ ಹೊರಟೆ. ಹೊಲದ ತಿರುವಿನಲ್ಲಿ
ನನ್ನ ಕಾರಿನ ಬೆಳಕು ಒಂದು ಬೆನ್ನನ್ನು ಮುಟ್ಟಿತು.
ಹುಲ್ಲಿನ ಅಂಚಲ್ಲಿ ವಿಲ್ಮೆಟಾ, ಚರಂಡಿಗೆ ಒಂದೇ ಗೇಣು ದೂರ,
ಅವಳ ನೆರಳು ಮುಂದಕ್ಕೆ, ಉದ್ದಕ್ಕೆ, ಸರಿಯಾದ ದಿಕ್ಕಿಗೆ.
ಕಿಟಕಿ ಇಳಿಸಿದೆ: ಬಾ, ಬಿಡುತ್ತೇನೆ.
‘ಬೇಡ,’ ಅಂದಳು, ನಿಲ್ಲದೆ.
‘ಇವತ್ತು ಮಂಗಳವಾರ. ಎಣಿಸಿಕೊಂಡು ಹೋಗು.’