ಏಕವಚನ

ಸಿನಿಮಾದಲ್ಲಿ ಅವರಾಡುವ ಮಾತೆಲ್ಲ
ಮೊದಲು ನನ್ನ ಬಾಯಲ್ಲಿರುತ್ತದೆ.
ಲೈಟ್ ಸ್ಟ್ಯಾಂಡಿನ ಹಿಂದೆ, ಕ್ಯಾಮೆರಾಗೆ ಕಾಣದ ಹಾಗೆ
ಮಂಡಿ ಮಡಚಿ ಕೂತು
ಕಾಗದ ನೋಡಿ ಪಿಸುಗುಡುತ್ತೇನೆ:
"ಗುರುಗಳೇ, ತಮ್ಮ ಪಾದದ ಧೂಳು ನನ್ನ ಹಣೆಯ ವಿಭೂತಿ."
ಅರೆಕ್ಷಣ ಬಿಟ್ಟು ಅದೇ ಮಾತು
ಗುಡುಗಾಗಿ ಹೊರಡುತ್ತದೆ ಅವರಿಂದ.
ಆರು ತಿಂಗಳ ಮೇಲೆ
ಚಳ್ಳಕೆರೆಯಲ್ಲಿ ಸೀಟಿ ಬೀಳುತ್ತವೆ.

ಕಟ್ ಅಂದಮೇಲೆ ಬರುವುದು ಮಾತ್ರ
ಅವರ ಸ್ವಂತದ್ದು.
"ಲೋ, ಗಂಟಲಿಗೆ ಗೆದ್ದಲು ಹಿಡಿದಿದೆಯೇನೋ? ಜೋರಾಗಿ ಬೊಗಳೋ."

ಹದಿನಾಲ್ಕು ವರ್ಷ. ಹನ್ನೊಂದು ಸಿನಿಮಾ.
ನನ್ನ ಹೆಸರು ಗವಿರಂಗ ಎಂದು
ಟೈಟಲ್ ಕಾರ್ಡಿಗೂ ಗೊತ್ತಿಲ್ಲ, ಅವರಿಗೂ.
ನಾನು ಲೋ. ಡ್ರೈವರು ಏಯ್.
ಮೇಕಪ್ಪಿನ ಕೃಷ್ಣೋಜಿ,
ಅವರಪ್ಪನಿಗಿಂತ ಎರಡು ವರ್ಷ ದೊಡ್ಡವರು,
ಮುದಿಯ.

ಮಾಗಡಿ ರೋಡಿನ ನಮ್ಮನೆಗೆ ಬಂದಾಗಲೆಲ್ಲ
ಅತ್ತೆ ಕೇಳುತ್ತಾರೆ, "ಹತ್ತಿರದಿಂದ ಹೆಂಗೆ ಅವರು?"
"ದೇವರಂಥೋರು" ಅನ್ನುತ್ತೇನೆ.
ಪೂರ್ತಿ ಸುಳ್ಳೇನಲ್ಲ. ದೇವರೂ ನನ್ನನ್ನು
ಹೆಸರು ಹಿಡಿದು ಕರೆದದ್ದಿಲ್ಲ.

ಕೆಂಗೇರಿಯ ಆಚೆ ಶೂಟಿಂಗು. ಹಾವೇರಿಯಿಂದ ಒಬ್ಬ,
ರಾತ್ರಿ ಬಸ್ಸು, ಕಂಕುಳಲ್ಲಿ ಮೂರು ತಿಂಗಳ ಮಗು,
ಅವರ ಬಾಯಿಂದಲೇ ಹೆಸರಿಡಿಸಬೇಕಂತೆ.
ಅವರು ಮಗುವನ್ನು ನೋಡಲಿಲ್ಲ,
ಅವನ ಕೈಯಲ್ಲಿದ್ದ ಫೋನು ನೋಡಿದರು.
ಕಿತ್ತು ಚರಂಡಿಗೆ ಎಸೆದರು.
ಎದ್ದು ಹೋದವನು ನಾನು: "ಸಾರ್‌ಗೆ ತಲೆನೋವು ಕಣಣ್ಣ,
ಸಮರ್ಥ ಅಂತ ಇಡಕ್ಕೆ ಹೇಳವ್ರೆ."
ಈಗ ಅವನು ಸ್ಕೂಲಿಗೆ ಹೋಗುತ್ತಿರಬೇಕು ಅಲ್ಲಿ,
ನಾನು ಪಿಸುಗುಟ್ಟಿದ ಹುಡುಗ.

ಹೋದ ಶ್ರಾವಣದಲ್ಲಿ ಕೃಷ್ಣೋಜಿ ತೀರಿಕೊಂಡರು.
ವಿಲ್ಸನ್ ಗಾರ್ಡನ್ ಚಿತಾಗಾರ. ನಮ್ಮ ಮುಂದೆ ಇನ್ನಿಬ್ಬರು.
ಅವರು ಬಂದರು, ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ.
ಕಪ್ಪು ಕನ್ನಡಕ, ಬಿಳಿ ಜುಬ್ಬ, ಬೆನ್ನಿಗೆ ನಾಲ್ಕು ಚಾನೆಲ್ಲಿನ ಮೈಕು.
"ಸಾರ್, ಕೃಷ್ಣೋಜಿಯವರ ಬಗ್ಗೆ ಒಂದೆರಡು ಮಾತು?"

ಬಾಯಿ ತೆರೆದರು. ಏನೂ ಬರಲಿಲ್ಲ.
ಹೆಣದ ಮುಖ ನೋಡಿದರು. ಯಾರೋ ಅವಸರದಲ್ಲಿ
ಪೌಡರು ಬಳಿದಿದ್ದರು, ಒಂದು ಕೆನ್ನೆಗೆ ಜಾಸ್ತಿ.
(ಇಂಥದೇ ಪೌಡರಿನ ಡಬ್ಬಿ ಒಮ್ಮೆ
ಆ ಮುದುಕರ ಎದೆಗೆ ಬಡಿದು ಬಿದ್ದದ್ದು
ನನಗೆ ನೆನಪಿದೆ. ಅವರಿಗೆ ಇತ್ತೋ ಇಲ್ಲವೋ.)
ಕನ್ನಡಕ ತೆಗೆದು
ಜನರ ನಡುವೆ ಹುಡುಕಿದರು.
ನನ್ನನ್ನು.

ಸುಮ್ಮನಿದ್ದುಬಿಡಬಹುದಿತ್ತು.
ಮೂರು ಸೆಕೆಂಡು ಸುಮ್ಮನಿದ್ದೆ ಕೂಡ. ಹಾಯಾಗಿತ್ತು.
ಆಮೇಲೆ ಅಭ್ಯಾಸ, ತುಟಿ ತಾನೇ ಅಲುಗಿತು:
"ಅವರು ನನಗೆ ಮುಖ ಕೊಟ್ಟವರು."
"ಅವರು ನನಗೆ ಮುಖ ಕೊಟ್ಟವರು" ಅಂದರು.
ಅವರು!
ಇಪ್ಪತ್ತೆರಡು ವರ್ಷದಲ್ಲಿ
ಕೃಷ್ಣೋಜಿಗೆ ಸಿಕ್ಕ ಮೊದಲ ಬಹುವಚನ,
ಕಿವಿಗೆ ಹತ್ತಿ ತುರುಕಿದ ಮೇಲೆ.

ನಿಜವಾಗಿ ಅತ್ತರೇ? ಹೇಳಲಾರೆ.
ನನ್ನದು ಬರೀ ಮಾತು,
ಗ್ಲಿಸರಿನ್ ಇನ್ನೊಬ್ಬರ ಇಲಾಖೆ.

ಗೇಟಿನ ಹತ್ತಿರ ಕಾರಿನ ಗಾಜು ಇಳಿಯಿತು.
"ಲೋ, ನಾಳೆ ಆರಕ್ಕೇ ಬಂದು ಸಾಯಿ."
ಗಾಜು ಏರಿತು.

ಹೊಂಬೇಗೌಡ ನಗರದ ಕಡೆ ನಡೆದೆ,
ಅಂಗಿಗೆ ಹೊಗೆಯ ವಾಸನೆ.
ತಿರುವಿನಲ್ಲಿ ಒಬ್ಬ ಹುಡುಗ, ಸೈಕಲ್ಲಿಗೆ ಫ್ಲಾಸ್ಕು ಕಟ್ಟಿಕೊಂಡು
ಯಾರಿಗೋ ಚಿಲ್ಲರೆ ಎಣಿಸುತ್ತಿದ್ದ.
"ಲೋ, ಟೀ ಕೊಡೋ ಬೇಗ, ಕಣ್ಣು ಕಾಣಲ್ವೇನೋ?"

ಹುಡುಗ ತಲೆಯೆತ್ತಿ ನೋಡಿದ.
ನಾನೂ ತಿರುಗಿ ನೋಡಿದೆ,
ಹಿಂದೆ ಯಾರಾದರೂ ಕೂತು
ಹೇಳಿಕೊಟ್ಟರೇನೋ ಎಂದು.