ಬಿಟ್ಟ ಸಾಲು

ಕುಶಾಲನಗರದ ಬಸ್ ನಿಲ್ದಾಣದ ಹಿಂದೆ
ನನ್ನದೊಂದು ಮೇಜು, ಕಂಪ್ಯೂಟರು, ಎರಡು ಕುರ್ಚಿ.
ದಾನಪತ್ರ, ಕ್ರಯಪತ್ರ, ಅರ್ಜಿ, ಅಫಿಡವಿಟ್ಟು.
ಊರಿನ ಜಗಳಗಳಿಗೆಲ್ಲ ಮೊದಲು ಕಾಗುಣಿತ ತಿದ್ದುವವನು ನಾನು.

ಮೊನ್ನೆ ಬಂದಳು ಗುಲಾಬಕ್ಕ.
ಕಾಫಿ ಕ್ಯೂರಿಂಗಿನಲ್ಲಿ ಮೂವತ್ತೊಂದು ವರ್ಷ
ಬೀಜ ಹೆಕ್ಕಿದವಳು.
ಕಪ್ಪು, ಒಡಕು, ಹುಳುಕು ಬೇರೆ; ಒಳ್ಳೆಯದು ಬೇರೆ.
ಪಿ.ಎಫ್. ದುಡ್ಡಿನಲ್ಲಿ ಮೂರು ಸೆಂಟು ಜಾಗ,
ಅದರ ಮೇಲೆ ಎರಡು ಕೋಣೆ, ಒಂದು ಜಗಲಿ.
ಈಗ ಜಗಲಿಯೊಂದೇ ಅವಳದು.

ಕಣ್ಣು ಕಿರಿದು ಮಾಡಿ ನನ್ನನ್ನು ಹುಡುಕಿದಳು.
"ಕನ್ನಡಕ ಎಲ್ಲಿ?"
"ಅವನ ಹತ್ತಿರ. ಬ್ಯಾಂಕಿನ ಕಾಗದ ಓದ್ತೇನಲ್ಲ,
ಅದಕ್ಕೆ ಕಪಾಟಿನಲ್ಲಿಟ್ಟು ಬೀಗ."
ಅವನು ಅಂದರೆ ಹರಿಣಾಕ್ಷ. ಒಬ್ಬನೇ ಮಗ.
ಹೊಡೆದನಾ ಅಂತ ನಾನು ಕೇಳಲಿಲ್ಲ.
ಸೆರಗನ್ನು ಮೊಣಕೈ ಮುಚ್ಚುವಷ್ಟು ಎಳೆದುಕೊಂಡದ್ದು ಕಂಡಿತ್ತು.
"ಬಿದ್ದೆ," ಅಂದಳು, ಕೇಳದೆಯೇ.
ಸ್ವಲ್ಪ ಹೊತ್ತು ಬಿಟ್ಟು,
"ಬಿದ್ದೆ ಅಂತ ಬರೀಬೇಡ."

ಬರೆಯತೊಡಗಿದೆ, ಕೈಗೆ ರೂಢಿಯಾದ ಹಾಗೆ:
'ಬಡವಳೂ ಅನಾಥಳೂ ಆದ ನಾನು
ತಮ್ಮ ಪಾದಕ್ಕೆ ಬಿದ್ದು ಬೇಡಿಕೊಳ್ಳುವುದೇನೆಂದರೆ,
ಮಹಾಸ್ವಾಮಿಗಳು ದಯಮಾಡಿ ಕರುಣೆ ತೋರಿ…'

"ಓದು," ಅಂದಳು. ಓದಿದೆ.
ಅವಳ ಬೆರಳು ಮೇಜಿನ ಮೇಲೆ ಆಡತೊಡಗಿತು,
ಮುಂದೆ ಬೀಜದ ರಾಶಿ ಇದ್ದ ಹಾಗೆ.
"ಅನಾಥಳು ತೆಗಿ. ಮಗ ಇದ್ದಾನೆ, ಅದಕ್ಕೇ ಅಲ್ವಾ ಬಂದದ್ದು.
ಬಡವಳು ತೆಗಿ. ಮನೆ ಕಟ್ಟಿದವಳು ನಾನು.
ಪಾದ ತೆಗಿ."
"ಕರುಣೆ?"
ತುಸು ತಡೆದಳು. ಹುಳುಕೋ ಅಲ್ಲವೋ ಎಂದು
ಬೀಜವನ್ನು ಬೆಳಕಿಗೆ ತಿರುಗಿಸುವಷ್ಟು ಹೊತ್ತು.
"ಅದೂ ತೆಗಿ. ಕಾನೂನಿದೆ ಅಂದಳಲ್ಲ
ಅಂಗನವಾಡಿ ಟೀಚರು. ಇದ್ದರೆ ಅದನ್ನೇ ಬರಿ."

ಉಳಿದದ್ದು ನಾಲ್ಕೇ ಸಾಲು.
ಅಷ್ಟು ನೆಟ್ಟಗೆ ನಿಂತ ಅರ್ಜಿ
ಈ ಮೇಜಿನಿಂದ ಎದ್ದು ಹೋದದ್ದಿಲ್ಲ.

ಆಮೇಲೆ ಚೀಲದಿಂದ ದಾನಪತ್ರದ ಜೆರಾಕ್ಸು ತೆಗೆದಳು.
ಕೊನೆಯ ಪುಟದ ಅಡಿಯಲ್ಲಿ, 'ಬರೆದವರು' ಎಂಬಲ್ಲಿ,
ನನ್ನದೇ ಹೆಸರು, ನನ್ನದೇ ಮೊಹರು.

ಆರು ವರ್ಷದ ಹಿಂದಿನ ಮಧ್ಯಾಹ್ನ.
ಇವೇ ಕುರ್ಚಿ. ಅಮ್ಮ, ಮಗ ಪಕ್ಕಪಕ್ಕ,
ಅವನ ಕೈಯಲ್ಲಿ ಅವಳಿಗೆಂದು ಸುಲಿದ ಕಿತ್ತಳೆ.
"ಬದುಕಿರುವ ತನಕ ನನ್ನನ್ನು ನೋಡಿಕೊಳ್ಳಬೇಕು
ಅಂತ ಒಂದು ಸಾಲು ಹಾಕ್ತೀಯಾ?" ಕೇಳಿದ್ದಳು ಮೆಲ್ಲಗೆ.
ನಾನು ನಕ್ಕಿದ್ದೆ. "ಮಗ ಅಲ್ವಾ ಅಕ್ಕಾ,
ಪ್ರೀತಿಗೂ ಛಾಪಾ ಕಾಗದ ಬೇಕಾ?"
ಅವನೂ ನಕ್ಕ. ಅವಳೂ ನಗಬೇಕಾಯಿತು.
ಪುಟ ತುಂಬಿತ್ತು; ಇನ್ನೊಂದು ಪುಟಕ್ಕೆ ಹೋಗುತ್ತಿತ್ತು.
'ಪ್ರೀತಿ ವಾತ್ಸಲ್ಯದಿಂದ' ಎಂದು ಮುಗಿಸಿ
ಮುನ್ನೂರು ರೂಪಾಯಿ ಎಣಿಸಿಕೊಂಡಿದ್ದೆ.

ಆ ಸಾಲಿಲ್ಲದೆ ಮನೆ ವಾಪಸಾಗುವುದು ಕಷ್ಟ.
ಹೇಳಿದೆ. ಎಲ್ಲ ಹೇಳಿದೆ, ನಗುವನ್ನೂ.
ಬೈಗುಳಕ್ಕೆ ಕಾದೆ.
"ನೆನಪಿದೆ," ಅಂದಳು. "ಅದಕ್ಕೇ ನಿನ್ನ ಹತ್ತಿರ ಬಂದೆ.
ನಾನು ಕೇಳಿದ್ದೆ ಅಂತ ಬರಿ.
ನೀನು ನಕ್ಕದ್ದನ್ನೂ ಬರಿ.
ಕೆಳಗೆ ನಿನ್ನ ರುಜು ಹಾಕು."

ಹೊರಗೆ ಹಾಸನದ ಬಸ್ಸು ಒಂದೇ ಸಮ ಹಾರನ್ ಹೊಡೆಯುತ್ತಿತ್ತು.
ಅದು ಹೋಗುವ ತನಕ ಸುಮ್ಮನೆ ಕೂತಿದ್ದೆ.
ಹೋಯಿತು. ಬರೆದೆ.

ಮಂಗಳವಾರ, ಸುಂಟಿಕೊಪ್ಪ ದಾಟಿ, ಮಡಿಕೇರಿ.
ಕಿಟಕಿಯ ಪಕ್ಕ ಅವಳು, ಈಚೆ ಸಾಕ್ಷಿ ನಾನು.
ಹರಿಣಾಕ್ಷ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದಿದ್ದ,
ನಮ್ಮತ್ತ ನೋಡಲಿಲ್ಲ.
"ನಿಮಗೇನು ಬೇಕಮ್ಮ?" ಕೇಳಿದರು ಅಧಿಕಾರಿ.
ಮನೆ ಅನ್ನುತ್ತಾಳೆ, ತಿಂಗಳಿಗಿಷ್ಟು ಅನ್ನುತ್ತಾಳೆ ಎಂದುಕೊಂಡೆ.
"ಮೊದಲು ಕನ್ನಡಕ," ಅಂದಳು.
"ಆದೇಶ ಬಂದ ದಿನ ನಾನೇ ಓದಬೇಕು."

ಮುಂದಿನ ತಾರೀಖು ಕೊಟ್ಟಿದ್ದಾರೆ. ಏನಾಗುತ್ತದೋ.

ಈ ವಾರ ಬಂದ ಮೂರು ದಾನಪತ್ರಕ್ಕೂ
ಯಾರೂ ಕೇಳದೆ ಆ ಸಾಲು ಹಾಕಿದೆ.
ಇಂದು ಒಬ್ಬ ಮಗಳು, "ನಮ್ಮ ಮೇಲೆ ನಂಬಿಕೆ ಇಲ್ವಾ?"
ಎಂದು ಸಿಡುಕಿ ಎದ್ದು ಹೋದಳು.
ಅವಳಪ್ಪ ಎದ್ದಿಲ್ಲ ಇನ್ನೂ.
ಕೂತೇ ಇದ್ದಾನೆ ಎದುರಿನ ಕುರ್ಚಿಯಲ್ಲಿ
ಆ ಸಾಲಿನ ಮೇಲೆ ಬೆರಳಿಟ್ಟು.