ಹತ್ತದ ಗಿಡಕ್ಕೆ ಕಟ್ಟಿದ ಚಪ್ಪರ

ಶ್ರೀನಿವಾಸಪುರ ರಸ್ತೆಯ ನರ್ಸರಿಯವನು
ಟೊಮೇಟೊ ಸಸಿ ಕೊಂಡದ್ದಕ್ಕೆ
ಕೊಸರೆಂದು ಕೈಗಿಟ್ಟದ್ದು ಎರಡೇ ಸಸಿ.
'ಜುಕಿನಿ' ಅಂದ.
ಲಾರಿ ಸದ್ದಿನಲ್ಲಿ ನನಗೆ 'ಜೋಕಾಲಿ' ಅಂತ ಕೇಳಿಸಿತು.

ಬಚ್ಚಲ ನೀರು ಹೋಗುವ ಕಡೆ ಗುಂಡಿ ತೋಡಿ
ಎರಡೆರಡು ಬೊಗಸೆ ಕುರಿಗೊಬ್ಬರ ಹಾಕಿ ನೆಟ್ಟೆ.
ಎಲೆ ನೋಡಿದರೆ ಕುಂಬಳದ ಜಾತಿ,
ಹಬ್ಬದೆ ಎಲ್ಲಿ ಹೋಗುತ್ತೆ ಅಂತ
ನಾಲ್ಕು ನೀಲಗಿರಿ ಗಳ, ಹಳೇ ಕೇಬಲ್ ವೈರು,
ಒಂದು ಇಡೀ ಭಾನುವಾರ ಖರ್ಚು ಮಾಡಿ
ಚಪ್ಪರ ಕಟ್ಟಿದೆ.

ಊರಿಗೆ ನೀರು ಬಿಡುವವನು ನಾನು.
ಚಿಂತಾಮಣಿಯ ಯಾವ ಬೀದಿಯ ವಾಲ್ವಿಗೆ ಎಷ್ಟು ಸುತ್ತು
ನಿದ್ದೆಯಲ್ಲೂ ಕೈ ಹೇಳುತ್ತದೆ.
ಇದರ ತಿರುಪು ಮಾತ್ರ ಸಿಗಲಿಲ್ಲ.
ಹತ್ತಲಿಲ್ಲ ಅದು. ಬಳ್ಳಿಯನ್ನೇ ಬಿಡಲಿಲ್ಲ.
ಕೊಡೆ ಬಿಚ್ಚಿ ಅದರಡಿ ತಾನೇ ಕೂತ ಹಾಗೆ
ನೆಲದ ಮೇಲೆ ಕೂತಿತು.

ಅತ್ತೆ ಅಶ್ವತ್ಥಮ್ಮ ಕಾಫಿ ಲೋಟ ಹಿಡಿದು ಬಂದು
ಮೇಲೆ ಚಪ್ಪರ ನೋಡಿದರು, ಕೆಳಗೆ ಗಿಡ ನೋಡಿದರು.
'ಮದುವೆ ನಿಂತೋದ ಮನೆ ಇದ್ದಂಗೈತೆ.'

ಹೂ ಬಂತು, ಹಳದಿ, ಅಂಗೈಯಗಲ.
ಬಂದದ್ದೆಲ್ಲ ಉದುರಿತು.
ಪಕ್ಕದ ಮನೆಯ ಮುಬೀನಾ ಕಾಂಪೌಂಡಿನಾಚೆಯಿಂದ ಇಣುಕಿದರು:
ಶಿಡ್ಲಘಟ್ಟದ ರೇಷ್ಮೆಮೊಟ್ಟೆ ಕೇಂದ್ರದಲ್ಲಿ
ಚಿಟ್ಟೆಗಳ ಗಂಡು ಹೆಣ್ಣು ಬೇರೆ ಮಾಡಿ
ಮತ್ತೆ ಜೋಡಿ ಕೂಡಿಸಿ
ಹದಿನೆಂಟು ವರ್ಷ ಸಂಬಳ ತಂದ ಕೈ.
'ಇವೆಲ್ಲಾ ಗಂಡು ಹೂವಣ್ಣ.
ಬುಡದಲ್ಲಿ ಪುಟ್ಟ ಕಾಯಿ ಹೊತ್ತುಕೊಂಡೇ ಬರುತ್ತಲ್ಲ, ಅದು ಹೆಣ್ಣು.
ಬಿಸಿಲೇರಿದರೆ ಮುಚ್ಚಿಕೊಳ್ಳುತ್ತೆ, ಮೊದಲೇ ಮುಗಿಸಬೇಕು.'

ಆ ಹೊತ್ತಿಗೆ ನಾನು ವಾಲ್ವಿನ ಗುಂಡಿಯಲ್ಲಿರುತ್ತೇನೆ.
ಹಾಗಾಗಿ ಅತ್ತೆ. ಗಂಡು ಹೂವಿನ ಎಸಳು ಕಿತ್ತು
ಹೆಣ್ಣಿನ ಒಳಗೆ ನಾಲ್ಕು ಸಲ ಸವರಿ
'ಎಪ್ಪತ್ತು ವರ್ಷಕ್ಕೆ ಬ್ರೋಕರ್ ಕೆಲಸ' ಎಂದು
ಬೆರಳ ಹಳದಿಯನ್ನು ಸೆರಗಿಗೆ ಒರೆಸಿಕೊಂಡು.

ಆಮೇಲೆ ತಡೆಯಲಿಕ್ಕಾಗಲಿಲ್ಲ.
ನೆನ್ನೆ ಬೆರಳುದ್ದ, ಇವತ್ತು ಗೇಣು.
ದೊಡ್ಡ ಪೈಪು ಒಡೆದು ಎರಡು ರಾತ್ರಿ ಮನೆಗೆ ಬಾರದೆ
ಮೂರನೇ ದಿನ ಎಲೆಯೆತ್ತಿ ನೋಡಿದರೆ
ಎಳೆಕೂಸಿನಷ್ಟು ದಪ್ಪದ್ದೊಂದು
ಮಣ್ಣಲ್ಲಿ ಹೊರಳಿಕೊಂಡು ಮಲಗಿದೆ.

ಕುಂಬಳದ ಹಾಗೆ ಅಟ್ಟಕ್ಕೇರಿಸಿದೆ, ಹಬ್ಬದವರೆಗೆ ಇದ್ದೀತೆಂದು.
ಆರೇ ದಿನ. ಅಕ್ಕಿ ಮೂಟೆಯ ಮೇಲೆ ನೀರು ತೊಟ್ಟಿಕ್ಕಿತು.
ತೊಳೆದು ಫ್ರಿಜ್ಜಿಗಿಟ್ಟದ್ದು ಲೋಳೆ.
ತೊಳೆಯದೆ, ತೊಟ್ಟು ಬಿಟ್ಟು ಕೊಯ್ದು,
ಪೇಪರು ಸುತ್ತಿಟ್ಟದ್ದು ಒಂದು ವಾರ ನಿಂತಿತು.
ಏನು ತೊಗಲೋ ಅದು, ಉಗುರು ತಾಗಿದ ಗುರುತೂ ಮಾಯುವುದಿಲ್ಲ.

ಸೈಕಲ್ಲಿಗೆ ಚೀಲ ಕಟ್ಟಿ ಮನೆಮನೆಗೆ ಹಂಚಿದೆ.
ನೀರು ಬರಲಿಲ್ಲ ಅಂತ ಬೀದಿಗೆ ಬಂದು ಬೈಯುತ್ತಿದ್ದವರು
ನನ್ನ ಬೆಲ್ಲು ಕೇಳಿ ಬಾಗಿಲು ಹಾಕಿಕೊಂಡರು.

ಅತ್ತೆ ಈಳಿಗೆಮಣೆ ಹಾಕಿ ಕೂತರು.
ತಿರುಳು ತೆಗೆದು ಬಳೆ ಬಳೆ ಹೆಚ್ಚಿ
ಹುಳಿಮಜ್ಜಿಗೆ, ಉಪ್ಪು, ಅರೆದ ಮೆಣಸಿನಕಾಯಿ.
ಬೆಳಿಗ್ಗೆ ದಬ್ಬಳದಲ್ಲಿ ಗೋಣಿದಾರ ಪೋಣಿಸಿ
'ಎಲ್ಲಿ ಕಟ್ಟಾನ?' ಅಂದರು.
ಇಬ್ಬರೂ ಒಟ್ಟಿಗೇ ಮೇಲೆ ನೋಡಿದೆವು.

ಹದಿಮೂರು ಸರ. ಚೈತ್ರದ ಬಿಸಿಲು.
ಅಂಬಾಜಿದುರ್ಗದ ಕಡೆಯಿಂದ ಗಾಳಿ ಬಂದಾಗ
ಬಳೆಗಳೆಲ್ಲ ಒಂದೇ ಸಲ ಓಲಾಡುತ್ತಿದ್ದವು.
ಆರು ಮೊರದಷ್ಟು ಹೆಚ್ಚಿದ್ದು
ಕೊನೆಗೆ ಒಂದು ಹಾರ್ಲಿಕ್ಸ್ ಬಾಟಲಿಗಿಳಿಯಿತು.

ಆಷಾಢದಲ್ಲಿ ಕರಿದರೆ ಚುರ್ ಎಂದು ಅರಳುತ್ತದೆ.
ಮುದ್ದೆ ಬಸ್ಸಾರಿಗೆ ನಂಚಿಕೊಂಡ ನೆಂಟರು
'ಏನಮ್ಮಾ ಇದು?' ಎಂದರೆ
ಅತ್ತೆ ತಲೆಯೆತ್ತದೆ ಹೇಳುತ್ತಾರೆ:
'ಜೋಕಾಲಿ ಬಾಳಕ.'
ನಾನು ತಿದ್ದುವುದಿಲ್ಲ.

ಬೂದಿರೋಗ ಬಂದ ಗಿಡ ಕಿತ್ತು ತಿಂಗಳುಗಳಾದವು.
ಚಪ್ಪರದ ಅರ್ಧದಲ್ಲಿ ಮುಬೀನಾ ಮನೆಯ ಬೆಡ್‌ಶೀಟು.
ಬಚ್ಚಲ ನೀರು ಇನ್ನೂ
ಆ ಎರಡು ಗುಳಿಯ ಕಡೆಗೇ ಹೋಗುತ್ತದೆ.